ಹೊತ್ತು ಮುಳುಗುವವರೆಗಿನ ಗಂಟು

ನಮ್ಮೂರಲ್ಲಿ ಯಾರಾದರೂ ಏನಾದರೂ ಕೇಳಿದರೆ ಉತ್ತರ ಕೊಡಲೇಬೇಕು. ಸುಮ್ಮನೆ ಬಾಯಿಮಾತಿನಲ್ಲಿ ಕೊಟ್ಟರೆ ಸಾಲದು, ಕೇಳಿದವರ ಮುಂಗೈಗೆ ಹಳದಿ ನೂಲು ಸುತ್ತಿ ಗಂಟು ಹಾಕಬೇಕು. ಗೋಡೆ ನಿಲ್ಲುತ್ತದಾ? ನಿಲ್ಲುತ್ತದೆ, ಗಂಟು. ಹಾಲು ಒಡೆಯುವುದಿಲ್ಲ ತಾನೆ? ಒಡೆಯುವುದಿಲ್ಲ, ಗಂಟು. ನಾನು ನಿನ್ನ ಹೆಂಡತಿ ತಾನೆ? ಅಲ್ಲದೆ ಇನ್ಯಾರೇ, ಗಂಟು. ಆ ಗಂಟಿಗೆ ಆಯುಸ್ಸು ಹೊತ್ತು ಮುಳುಗುವವರೆಗೆ. ಹೊತ್ತು ಮುಳುಗಿತೋ, ಊರಿಗೆ ಊರೇ ಹಳ್ಳದ ದಂಡೆಗೆ ಹೋಗಿ ಗಂಟು ಬಿಚ್ಚಿ ನೂಲನ್ನು ನೀರಿಗೆ ಬಿಡುತ್ತದೆ. ಅದೇ ಉತ್ತರ ಮಾರನೆಯ ದಿನವೂ ಬೇಕಿದ್ದರೆ ಮತ್ತೆ ಕೇಳಬೇಕು. ನಿನ್ನೆ ನಿಂತ ಗೋಡೆ ಇವತ್ತೂ ನಿಲ್ಲುತ್ತದೆ ಅಂತ ಯಾರು ಬರೆದುಕೊಟ್ಟಿದ್ದಾರೆ?

ಬೇರೆಯವರಿಗೆ ಇದೇನೂ ಭಾರವಲ್ಲ. ಊಟ ಆಯ್ತಾ ಅಂದ ಹಾಗೆ ಕೇಳುತ್ತಾರೆ, ಹೂಂ ಆಯ್ತು ಅಂದ ಹಾಗೆ ಹೇಳುತ್ತಾರೆ. ದಿನಕ್ಕೆ ಒಂದು ಗಂಟು, ತಪ್ಪಿದರೆ ಎರಡು. ನನಗೊಂದು ಕಾಲದಲ್ಲಿ ಅದೂ ಇರಲಿಲ್ಲ. ಏನನ್ನೂ ಕೇಳದ ಗಟ್ಟಿಗಿತ್ತಿ ಅಂತ ಹೆಸರಾದವಳು ನಾನು.

ಹೆಸರು ಅಂದೆನಲ್ಲ, ಅದೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಹೆಸರನ್ನು ಬಾಯಿಬಿಟ್ಟು ಕರೆಯುವುದಿಲ್ಲ. ಕೂಸಿಗೆ ಕಿವಿ ಚುಚ್ಚಿದ ತಕ್ಷಣ ಆ ತೂತಿನ ಹತ್ತಿರ ಬಾಯಿಟ್ಟು ಒಂದು ಸಲ ಹೇಳುವುದು, ಅಷ್ಟೆ. ಹೆಸರು ಒಳಗೆ ಹೋಗಿ ಕೂತುಬಿಡುತ್ತದೆ. ಹೊರಗೆ ಎಲ್ಲರನ್ನೂ ಅವರವರ ಕೆಲಸ ಹಿಡಿದು ಕರೆಯುತ್ತೇವೆ. ನನ್ನ ಗಂಡ ನೂಲು ಅದ್ದುವವನು. ಊರಿನ ಹಳದಿ ನೂಲೆಲ್ಲ ಅವನ ಅರಿಶಿನದ ಬಾನಿಯಿಂದಲೇ ಬರುವುದು. ನಾನು ಕಿವಿ ಚುಚ್ಚುವವಳು. ಊರಿಗೆ ಒಬ್ಬಳೇ. ಮೊದಲ ಹಲ್ಲು ಮೂಡುವುದರೊಳಗೆ ಚುಚ್ಚದಿದ್ದರೆ ಹೆಸರು ಒಳಗೆ ಇಳಿಯುವುದಿಲ್ಲ, ಆ ಜೀವ ಮುದುಕಿಯಾದರೂ ಬರೀ ಕೂಸೇ.

‘ಉಸಿರು ಹಿಡಿದು ಚುಚ್ಚು, ಹೆಸರು ಹೇಳಿ ಉಸಿರು ಬಿಡು.’ ನನ್ನಮ್ಮ ಕಲಿಸಿದ್ದು ಇಷ್ಟೇ. ಮೂವತ್ತು ವರ್ಷ ಹಾಗೇ ಮಾಡಿದೆ.

ಒಂದು ಬೆಳಿಗ್ಗೆ ಕುಂಬಾರಗಿತ್ತಿ ತನ್ನ ಮಗುವನ್ನು ತಂದಳು. ಕಿವಿಯ ಹಾಲೆಗೆ ಬೆಣ್ಣೆ ತಿಕ್ಕಿ ಮೆತ್ತಗೆ ಮಾಡಿದೆ. ಕಾಡಿಗೆಯಲ್ಲಿ ಚುಕ್ಕೆ ಇಟ್ಟೆ. ಹಾಲೆಯ ಹಿಂದೆ ಬೆಂಡಿನ ತುಂಡು ಒತ್ತಿ ಹಿಡಿದೆ. ಸೂಜಿ ಎತ್ತಿದೆ. ಮಗು ಫಕ್ಕನೆ ನನ್ನ ಕಡೆ ತಿರುಗಿತು, ಸೂಜಿಯ ನೆರಳು ಅದರ ಕಣ್ಣಿನ ಮೇಲೆ ಬಿತ್ತು. ನೆರಳು ಮಾತ್ರ. ಆದರೆ ಅದೇ ಗಳಿಗೆಯಲ್ಲಿ ನನ್ನ ತಲೆಯೊಳಗೆ ಒಂದು ಚಿತ್ರ ಬಂದು ನಿಂತಿತು. ನೆರಳಲ್ಲ, ಸೂಜಿಯೇ. ಚುಚ್ಚಿದವಳು ನಾನೇ. ಅದೂ ಬೇಕಂತಲೇ.

ಎದೆ ಝಲ್ಲೆಂದಿತು. ಕೈ ಮಾತ್ರ ರೂಢಿಯ ಮೇಲೆ ಕೆಲಸ ಮುಗಿಸಿತು. ಮಗು ಅತ್ತಿತು, ಬೆಲ್ಲ ನೆಕ್ಕಿತು, ತಾಯಿಯ ಹೆಗಲ ಮೇಲೆ ಮನೆಗೆ ಹೋಯಿತು. ನಾನು ನಡುಮನೆಗೆ ಹೋಗಿ ಗಂಡನನ್ನು ಕೇಳಿದೆ: “ನಾನು ಆ ಮಗೂನ ಕಣ್ಣಿಗೆ ಏನೂ ಮಾಡಲಿಲ್ಲ ಅಲ್ವಾ?”

ಅವನು ನಕ್ಕ. “ಏನಾಯ್ತೇ ನಿನಗೆ? ಇಲ್ಲ,” ಅಂದು ನೂಲು ಸುತ್ತಿ ಗಂಟು ಹಾಕಿದ.

ಹೊತ್ತು ಮುಳುಗಿತು, ಗಂಟು ಬಿಚ್ಚಿದೆ. ಬಿಚ್ಚಿದ ಮೇಲೆ ಇಲ್ಲ ಅನ್ನುವುದು ಇನ್ನೆಲ್ಲಿ? ಬೆಳಿಗ್ಗೆ ಮತ್ತೆ ಕೇಳಿದೆ. ಗಂಟು. ಮಧ್ಯಾಹ್ನ ಅನಿಸಿತು, ಅವನು ಅಲ್ಲಿ ಇರಲೇ ಇಲ್ಲವಲ್ಲ, ಅವನಿಗೇನು ಗೊತ್ತು? ಕುಂಬಾರಗಿತ್ತಿಯ ಮನೆಗೆ ಓಡಿದೆ. ಮಗು ಎರಡೂ ಕಣ್ಣು ಬಿಟ್ಟುಕೊಂಡು ಮಡಕೆಯ ಚೂರಿನ ಜೊತೆ ಆಡುತ್ತಿತ್ತು. ನೋಡಿದೆ. ಸಾಲಲಿಲ್ಲ. “ಕಣ್ಣು ಚೆನ್ನಾಗಿದೆ ತಾನೆ?” ಅಂತ ಕೇಳಿದೆ. ಅವಳು ಗಂಟು ಹಾಕಿದಳು, ಆದರೆ ಹುಬ್ಬು ಗಂಟಿಕ್ಕಿಕೊಂಡು ಹಾಕಿದಳು. ಕಿವಿ ಚುಚ್ಚಿದವಳು ಬಂದು ಕಣ್ಣಿನ ವಿಚಾರ ಯಾಕೆ ಕೇಳುತ್ತಾಳೆ? ಅವಳ ಜಾಗದಲ್ಲಿ ನಾನಿದ್ದಿದ್ದರೂ ಅನುಮಾನ ಪಡುತ್ತಿದ್ದೆ.

ಆಮೇಲೆ ಪ್ರಶ್ನೆ ಬೆಳೆಯಿತು. ಮಾಡಿದೆನಾ ಅನ್ನುವುದು ಹೋಗಿ ಮಾಡುತ್ತೇನಾ ಅಂತಾಯಿತು. ಅದೂ ಹೋಗಿ ನಾನು ಅಂಥವಳಾ ಅಂತಾಯಿತು. ಕೇಳಿದೆ, ಕೊಟ್ಟ, ಗಂಟು. ಕೇಳಿದೆ, ಕೊಟ್ಟ, ಗಂಟು. ಮುಂಗೈ ತುಂಬಿ ಮೊಣಕೈವರೆಗೆ ನೂಲು. ಮನೆ ತುಂಬ ನೂಲಿದ್ದದ್ದೇ ತಪ್ಪಾಯಿತು ನೋಡಿ. ಬಡವರ ಮನೆಯಾಗಿದ್ದರೆ ಎಂದೋ ಮುಗಿದುಹೋಗುತ್ತಿತ್ತು. ನನ್ನ ಗಂಡ ಪಾಪದವನು. ಬಾನಿಯ ಮುಂದೆ ಕೂತಿದ್ದವನು ನನ್ನ ಹೆಜ್ಜೆಯ ಸದ್ದು ಕೇಳಿದರೇ ಇಲ್ಲ ಕಣೇ ಇಲ್ಲ ಕಣೇ ಅನ್ನುತ್ತಿದ್ದ, ನಾನು ಬಾಯಿ ತೆರೆಯುವ ಮೊದಲೇ. ಅದೂ ನನಗೆ ಹಿಡಿಸಲಿಲ್ಲ. ಕೇಳುವುದಕ್ಕೆ ಮುಂಚೆ ಕೊಟ್ಟ ಉತ್ತರ ಉತ್ತರವಾ? ಏನನ್ನೋ ಮುಚ್ಚಿಡುತ್ತಿದ್ದಾನೆ ಅಂತ ಅನಿಸಿತು.

ಸೂಜಿಯನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ, ಡಬ್ಬಿಯನ್ನು ಅಟ್ಟದ ಮೇಲಿಟ್ಟೆ. ಬೆನ್ನು ನೋವು ಅಂತ ಊರಿಗೆ ಹೇಳಿದೆ. ಬಂದ ಮಕ್ಕಳನ್ನು ವಾಪಸು ಕಳಿಸಿದೆ. ಆಗಲೇ ನನ್ನ ಮಗಳಿಗೆ ಹೆಣ್ಣು ಕೂಸು ಹುಟ್ಟಿತು.

ಬಾಣಂತನಕ್ಕೆ ಬಂದ ಮಗಳನ್ನು ನಾನು ನೋಡಿಕೊಂಡೆ. ನೀರು ಹಾಕಿದೆ, ಖಾರ ಅರೆದೆ, ತಲೆಗೆ ಹೊಗೆ ಹಾಕಿದೆ. ಕೂಸನ್ನು ಮಾತ್ರ ಮುಟ್ಟಲಿಲ್ಲ. ಹೊಸಿಲ ಈಚೆ ನಿಂತು ಕೈ ಎರಡನ್ನೂ ಸೆರಗಿನೊಳಗೆ ಸುತ್ತಿಕೊಂಡು ನೋಡುತ್ತಿದ್ದೆ. ಆಸೆ ಇರಲಿಲ್ಲ ಅನ್ನಬೇಡಿ. ಅದರ ನೆತ್ತಿಯ ವಾಸನೆಗೆ ಜೀವ ಬಿಡುತ್ತಿದ್ದೆ. ಆದರೆ ಹತ್ತಿರ ಹೋದರೆ ಚಿತ್ರ ಬರುತ್ತಿತ್ತು.

ಆರನೇ ತಿಂಗಳಲ್ಲಿ ಮಗಳು ಕೂಸಿನ ಕೆಳತುಟಿ ಎಳೆದು ತೋರಿಸಿದಳು. ವಸಡು ಬೆಳ್ಳಗಾಗಿತ್ತು. “ಇನ್ನು ಹತ್ತು ದಿನಾನೂ ಇಲ್ಲಮ್ಮ. ನನ್ನ ಮಗಳು ಹೆಸರಿಲ್ಲದೆ ಬಾಳಬೇಕಾ?”

ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಉತ್ತರ ಕೊಡದೆ ಕೂತದ್ದು ನಮ್ಮೂರಲ್ಲಿ ಸಣ್ಣ ತಪ್ಪಲ್ಲ. ಮಗಳು ನನ್ನ ಕೈ ಎಳೆದು ಮೊಣಕೈವರೆಗಿನ ನೂಲನ್ನು ನೋಡಿದಳು. “ಅಪ್ಪ ಎಲ್ಲ ಹೇಳಿದ್ದಾರೆ. ಹಳ್ಳದ ಆಚೆ ಒಬ್ಬಳು ಇದ್ದಾಳೆ. ಮನಸ್ಸು ನೋಡುವವಳು. ನಾಳೆ ಹೋಗು.”

ಅಪ್ಪ ಹೇಳಿದ್ದಾರಂತೆ. ಇವರಿಬ್ಬರೂ ಯಾವಾಗ ಕೂತು ಮಾತಾಡಿಕೊಂಡರು? ಇನ್ನೂ ಯಾರಿಗೆ ಹೇಳಿದ್ದಾರೆ? ಮಗಳಿಗೋಸ್ಕರ ಹೋದೆ. ನಂಬಿಕೆಯಿಂದ ಹೋದೆ ಅಂತ ತಿಳಿಯಬೇಡಿ.

ಹಳ್ಳದಾಚೆ ನಮ್ಮ ಕಟ್ಟಳೆ ನಡೆಯುವುದಿಲ್ಲ. ಅವಳ ಮನೆಯಲ್ಲಿ ಒಂದೆಳೆ ಹಳದಿ ನೂಲಿಲ್ಲ, ಅದನ್ನು ಮೊದಲೇ ನೋಡಿಕೊಂಡೆ. ಎರಡು ಚಾಪೆ, ಒಂದು ಹಲಗೆ, ಬಳಪ, ಮೂಲೆಯಲ್ಲಿ ಒಂದು ಪರದೆ. ಪರದೆಯ ಹಿಂದೆ ಏನಿದೆ ಅಂತ ಅವಳು ಹೇಳಲಿಲ್ಲ. ನಡುವಯಸ್ಸಿನವಳು. ಕಿವಿ ಮುಚ್ಚುವಂತೆ ಸೆರಗು ಹೊದ್ದಿದ್ದಳು. ನಾನು ಏನು ಹೇಳಿದರೂ ಹಲಗೆಯ ಮೇಲೆ ಬರೆದುಕೊಂಡಳು, ಎದ್ದು ಹೊರಡುವಾಗ ನನ್ನೆದುರಿಗೇ ಅಳಿಸಿದಳು. ಅಳಿಸುವ ಮುಂಚೆ ಓದಿಕೊಂಡಿರುವುದಿಲ್ಲವೆ? ನಾನೇನು ಬೆರಳು ಚೀಪುವವಳಾ?

ಮೊದಲ ದಿನ ಬೆನ್ನು ನೋವಿನ ವಿಚಾರ ಹೇಳಿ ಬಂದೆ. ಎರಡನೇ ದಿನ ನಿದ್ದೆ ಬರುವುದಿಲ್ಲ ಅಂದೆ. ಮೂರನೇ ದಿನ ಕೂಸು ನೆನಪಾಯಿತು, ಅದರ ವಸಡು ನೆನಪಾಯಿತು, ಎಲ್ಲ ಹೇಳಿಬಿಟ್ಟೆ. ನೆರಳು, ಕಣ್ಣು, ಚಿತ್ರ. ಹೇಳುತ್ತ ಹೇಳುತ್ತ ನನಗೇ ಅಸಹ್ಯವಾಗಿ ಅತ್ತೆ.

ಅವಳು ಹೆದರಲಿಲ್ಲ. ಹಿಂದೆ ಸರಿಯಲಿಲ್ಲ. ಇಂಥ ಮಾತು ಕೇಳಿ ಯಾರಾದರೂ ಹೆದರದೆ ಇರುತ್ತಾರಾ? ಮಗಳು ಮೊದಲೇ ಬಂದು ಹೇಳಿದ್ದಾಳೆ ಅಂದುಕೊಂಡೆ.

“ಹಳ್ಳದ ಮೆಟ್ಟಿಲ ಮೇಲೆ ಒಬ್ಬ ಕೈ ತೊಳೀತಾ ಕೂತಿರ್ತಾನಲ್ಲ, ನೋಡಿದ್ದೀರಾ?” ಅಂದಳು.

“ನೋಡದೆ ಏನು? ಊರಿಗೆಲ್ಲ ಗೊತ್ತು. ತೊಳೆದೂ ತೊಳೆದೂ ಚರ್ಮ ಸುಲಿದುಹೋಗಿದೆ, ಪಾಪ.”

“ನಿಮ್ಮದೂ ಅದೇ ಕಾಯಿಲೆ.”

ನಗು ಬಂತು ನನಗೆ. ಕೈ ಚಾಚಿ ತೋರಿಸಿದೆ. “ಮುಸುರೆ ತಿಕ್ಕಿದ ಮಸಿ ಇನ್ನೂ ಉಗುರಲ್ಲೇ ಇದೆ. ನಾನು ದಿನಕ್ಕೆ ಎರಡು ಸಲ ಕೈ ತೊಳೆದರೆ ಹೆಚ್ಚು.”

“ಅವನು ಕೈ ತೊಳೀತಾನೆ, ನೀವು ನೆನಪು ತೊಳೀತೀರಿ. ಅವನದು ಕಣ್ಣಿಗೆ ಕಾಣುತ್ತೆ, ಜನ ಅಯ್ಯೋ ಅಂತಾರೆ. ನಿಮ್ಮದು ಕಾಣಲ್ಲ. ಹೀಗೂ ಒಂದು ಕಾಯಿಲೆ ಇದೆ ಅಂತ ಬಹಳ ಜನಕ್ಕೆ ಗೊತ್ತೇ ಇಲ್ಲ. ಬೇಡದ ಚಿತ್ರ ಎಲ್ಲರ ತಲೆಗೂ ಬರುತ್ತಮ್ಮ. ಬೇರೆಯವರು ಥೂ ಅಂದು ಮುಂದೆ ಹೋಗ್ತಾರೆ. ನೀವು ಅದನ್ನ ಕೂರಿಸಿಕೊಂಡು ವಿಚಾರಣೆ ಮಾಡ್ತೀರಿ, ಸಾಕ್ಷಿ ಕರೀತೀರಿ, ಹೊತ್ತು ಮುಳುಗಿದ ಮೇಲೆ ಮತ್ತೆ ಮೊದಲಿಂದ ಶುರು ಮಾಡ್ತೀರಿ.”

ಮಾತೇನೋ ಚೆನ್ನಾಗಿತ್ತು. ನನಗೆ ಬೇಕಾಗಿದ್ದದ್ದು ಮಾತಲ್ಲ. ಮುಂಗೈ ಚಾಚಿದೆ. “ಅದೆಲ್ಲ ಇರಲಿ. ಒಂದು ಹೇಳಿ. ನಾನು ಕೂಸಿಗೆ ಅಂಥದ್ದು ಮಾಡಲ್ಲ ತಾನೆ?”

“ಅದಕ್ಕೆ ನಾನು ಉತ್ತರ ಕೊಡಲ್ಲ.”

“ಯಾಕೆ?”

“ಕೊಟ್ಟರೆ ಸಂಜೆವರೆಗೆ ಬರುತ್ತೆ. ನಾಳೆ ಮತ್ತೆ ಕೈ ಚಾಚ್ತೀರಿ.”

ನನ್ನ ಜನ್ಮದಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಉತ್ತರ ಕೊಡದವರು ಅಂದರೆ ಕೆಟ್ಟ ಉತ್ತರ ಇರುವವರು. ನಮ್ಮೂರಲ್ಲಿ ಹುಟ್ಟಿದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಅಂದರೆ ಇವಳಿಗೆ ಗೊತ್ತು. ನನ್ನೊಳಗೆ ಏನಿದೆ ಅಂತ ಕಂಡುಬಿಟ್ಟಿದ್ದಾಳೆ. ಕಂಡದ್ದನ್ನು ನನಗೆ ಹೇಳುವ ಬದಲು ಊರ ಹಿರಿಯರಿಗೆ ಹೇಳುತ್ತಾಳೆ. ಚಪ್ಪಲಿ ಮೆಟ್ಟಿಕೊಂಡು, ಹೋಗಿಬರುತ್ತೇನೆ ಅಂತಲೂ ಅನ್ನದೆ ಹೊರಟೆ.

ಮನೆಗೆ ಬಂದು ಗಂಡನ ಮುಂದೆ ಕೈ ಚಾಚಿದೆ. ಅವನು ಬಾನಿಯಿಂದ ಕೈ ತೆಗೆಯಲಿಲ್ಲ. ಮೊಣಕೈವರೆಗೂ ಅರಿಶಿನ, ಕಣ್ಣಲ್ಲಿ ನೀರು. “ಕೊಡಬೇಡ ಅಂತ ಹಳ್ಳದಾಚೆಯವಳು ಹೇಳಿ ಕಳಿಸಿದ್ದಾಳೆ ಕಣೇ. ನಾನು ಕೊಟ್ಟೂ ಕೊಟ್ಟೂನೇ ನೀನು ಹೀಗಾದದ್ದಂತೆ.”

ಮಗಳ ಹತ್ತಿರ ಹೋದೆ. ಅವಳು ಕೂಸನ್ನು ಎದೆಗೆ ಹಾಕಿಕೊಂಡು ಆ ಕಡೆ ತಿರುಗಿದಳು.

ಮನೆಯವರನ್ನೂ ಬುಟ್ಟಿಗೆ ಹಾಕಿಕೊಂಡಿದ್ದಾಳೆ ಅಂತ ಮೈಯೆಲ್ಲ ಉರಿಯಿತು. ಬೀದಿಗೆ ಹೋದೆ. ಬೀದಿಯವರು ಕೊಡದೆ ಏನು ಮಾಡುತ್ತಾರೆ? ಗಾಣದವನನ್ನು ಕೇಳಿದೆ, ಹೂವು ಕಟ್ಟುವವಳನ್ನು ಕೇಳಿದೆ, ದಾರಿಯಲ್ಲಿ ಹೋಗುತ್ತಿದ್ದ ಪರಿಚಯವಿಲ್ಲದ ಹೆಂಗಸನ್ನೂ ಬಿಡಲಿಲ್ಲ. ನಾನು ಒಳ್ಳೆಯವಳು ತಾನೆ? ಹೂಂ, ಒಳ್ಳೆಯವಳು, ಗಂಟು. ಅವರಿಗೆ ನನ್ನೊಳಗೆ ಏನಿದೆ ಅಂತಲೇ ಗೊತ್ತಿಲ್ಲ. ಮನೆಯ ತಿರುವಿಗೆ ಬರುವಷ್ಟರಲ್ಲಿ ಆ ನೂಲೆಲ್ಲ ತಾನಾಗಿ ಸಡಿಲವಾಗಿ ಧೂಳಿಗೆ ಬಿತ್ತು. ನೂಲು ಬಿದ್ದಲ್ಲೇ ನಾನೂ ಕೂತೆ. ನಾಚಿಕೆಯಾಯಿತು.

ಆ ಸಂಜೆ ಹಳ್ಳದ ದಂಡೆಯಲ್ಲಿ ಊರೆಲ್ಲ ಗಂಟು ಬಿಚ್ಚುತ್ತಿತ್ತು. ನನ್ನ ಕೈಯಲ್ಲಿ ಬಿಚ್ಚಲು ಏನೂ ಇರಲಿಲ್ಲ. ಏನೂ ಆಗಲಿಲ್ಲ ಅಂತ ಹೇಳುವುದಿಲ್ಲ. ಎದೆ ಬಡಿದುಕೊಂಡಿತು, ನಾಲಿಗೆ ಒಣಗಿತು, ಚಿತ್ರ ಬಂತು, ಹೋಯಿತು, ಮತ್ತೆ ಬಂತು. ಕೇಳಬೇಕು ಕೇಳಬೇಕು ಅಂತ ಬಾಯಿ ತವಕಿಸಿತು. ಮನೆಯವರು ಕೊಡುವುದಿಲ್ಲ, ಬೀದಿಯವರ ಗಂಟು ನಿಲ್ಲುವುದಿಲ್ಲ. ಹೊತ್ತು ಮುಳುಗಿತು. ಬಡಿದುಕೊಂಡೂ ಬಡಿದುಕೊಂಡೂ ಎದೆಗೇ ಸುಸ್ತಾಯಿತು. ಮನೆಗೆ ಬಂದು ಮಜ್ಜಿಗೆ ಅನ್ನ ತಿಂದೆ.

ನಾಲ್ಕು ದಿನ ಹೀಗೇ ಹೋಯಿತು. ಐದನೇ ದಿನ ಅವಳು ಹೇಳಿ ಕಳಿಸಿದಳು, ಬರುವಾಗ ಸೂಜಿ ತನ್ನಿ ಅಂತ.

ಸೂಜಿ ಯಾಕೆ? ಕಸಿದುಕೊಳ್ಳುವುದಕ್ಕೆ, ಇನ್ಯಾಕೆ. ಕೊಟ್ಟುಬಿಡೋಣ ಅನಿಸಿತು ಒಂದು ಮನಸ್ಸಿಗೆ, ನನ್ನ ಕೈಯಿಂದ ಹೋದರೆ ಎಲ್ಲರಿಗೂ ಕ್ಷೇಮ. ಅಟ್ಟದಿಂದ ಡಬ್ಬಿ ಇಳಿಸಿ, ಮಡಿಲಲ್ಲಿ ಕಟ್ಟಿಕೊಂಡು ಹಳ್ಳ ದಾಟಿದೆ.

ಅವಳು ಚಾಪೆಯ ಮೇಲೆ ಕೂತಿದ್ದಳು. ಎದುರಿಗೆ ಬೆಣ್ಣೆ, ಕಾಡಿಗೆ, ಬೆಂಡು, ಎರಡು ಪುಟ್ಟ ಓಲೆ. ತಲೆಯ ಮೇಲಿನ ಸೆರಗು ಸರಿಸಿದಳು. ಎರಡು ಕಿವಿಯೂ ನುಣ್ಣಗಿದ್ದವು, ಒಂದು ತೂತಿಲ್ಲ.

“ಚುಚ್ಚಿ,” ಅಂದಳು.

ನಾನು ಎದ್ದು ನಿಂತೆ. ಈಗ ಅರ್ಥವಾಯಿತು ನನಗೆ. ಇದು ಬಲೆ. ನನ್ನ ಕೈ ಅವಳ ಕಣ್ಣಿನ ಕಡೆ ಒಂದೆಳೆ ಹೊರಳಿದರೆ ಸಾಕು, ಪರದೆಯ ಹಿಂದೆ ಕೂತಿರುವವರು ಎದ್ದು ಬರುತ್ತಾರೆ. ನೆಟ್ಟಗೆ ಮೂಲೆಗೆ ಹೋಗಿ ಪರದೆ ಎತ್ತಿದೆ.

ನೀರಿನ ಕೊಡ. ಒಂದು ಪೊರಕೆ. ಮೊರದಲ್ಲಿ ಒಣಹಾಕಿದ ಸಂಡಿಗೆ.

“ಇಷ್ಟು ದಿನ ಅದನ್ನೇ ನೋಡ್ತಿದ್ದಿರಾ?” ಅಂದಳು. “ಕೇಳಿದ್ದರೆ ಮೊದಲೇ ತೋರಿಸ್ತಿದ್ದೆ.”

ವಾಪಸು ಬಂದು ಕೂತೆ. ಡಬ್ಬಿ ಬಿಚ್ಚಿದೆ. ಸೂಜಿ ಮಸುಕಾಗಿತ್ತು, ಒರೆಸಿದೆ. “ನಿಮ್ಮ ಕಣ್ಣಿಗೆ ಚುಚ್ಚಿಬಿಟ್ಟರೆ?” ಅಂದೆ. ಇಷ್ಟು ದಿನ ಒಳಗೆ ಕೊಳೆಯುತ್ತಿದ್ದ ಮಾತನ್ನು ಅವಳ ಮುಖಕ್ಕೇ ಅಂದೆ.

“ಚುಚ್ಚಬಹುದು. ಚುಚ್ಚದೆ ಇರಲೂಬಹುದು. ನನಗೆ ಗೊತ್ತಿಲ್ಲ.”

“ಸುಳ್ಳು ಹೇಳಬೇಡಿ. ನಿಮಗೆ ಗೊತ್ತು. ಹಲಗೆ ಮೇಲೆ ಬರೆದುಕೊಂಡಿದ್ದೀರಿ.”

“ಗೊತ್ತಿಲ್ಲಮ್ಮ. ಯಾರಿಗೂ ಯಾರ ಕೈಯ ವಿಚಾರವೂ ಪೂರ್ತಿ ಗೊತ್ತಿರಲ್ಲ. ನನ್ನ ಕೈ ವಿಚಾರವೂ ನನಗೆ ಗೊತ್ತಿಲ್ಲ. ಗೊತ್ತಿಲ್ಲದೇನೇ ಕೂತಿದ್ದೀನಿ.”

ಅವಳ ಕಾಲಿನ ಕಡೆ ನೋಡಿದೆ. ಹತ್ತು ಬೆರಳೂ ಚಾಪೆಯನ್ನು ಗಟ್ಟಿಯಾಗಿ ಕಚ್ಚಿಕೊಂಡಿದ್ದವು.

“ಹೆದರಿಕೆನಾ?” ಅಂದೆ.

“ಚಿಕ್ಕವಳಿದ್ದಾಗ ಕಿವಿ ಚುಚ್ಚೋಕೆ ಬಂದವಳನ್ನ ಕಚ್ಚಿ ಓಡಿಹೋಗಿದ್ದೆ,” ಅಂದಳು. “ಬೇಗ ಮಾಡಿ.”

ಆಗ ನನಗೆ ತಿಳಿಯಿತು, ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಯಾವ ಉತ್ತರವನ್ನೂ ಅವಳು ಬಚ್ಚಿಟ್ಟಿರಲಿಲ್ಲ. ನನ್ನ ಗಂಡ ಇಲ್ಲ ಅನ್ನುತ್ತಿದ್ದ, ಆದರೆ ಸೂಜಿಯ ಮುಂದೆ ಯಾವತ್ತೂ ಕೂತವನಲ್ಲ. ಇವಳು ಇಲ್ಲ ಅನ್ನಲಿಲ್ಲ, ಕೂತಳು.

ಬೆಣ್ಣೆ ತಿಕ್ಕಿದೆ. ಚುಕ್ಕೆ ಇಟ್ಟೆ. ಬೆಂಡು ಒತ್ತಿದೆ. ಸೂಜಿ ಎತ್ತುತ್ತಲೇ ಚಿತ್ರ ಬಂತು. ಬರಲಿ ಅಂದೆ. ಚಿತ್ರ ಅಲ್ಲೇ ಇತ್ತು, ನನ್ನ ಕೈ ಇಲ್ಲಿ ಕೆಲಸದಲ್ಲಿತ್ತು. ಉಸಿರು ಹಿಡಿದು ಚುಚ್ಚಿದೆ. ಅವಳು ಅಮ್ಮಾ ಅಂದಳು. ಎಡಗಿವಿಗೂ ಚಿತ್ರ ಬಂತು, ಎಡಗಿವಿಯನ್ನೂ ಚುಚ್ಚಿದೆ. ಹಲ್ಲು ಬಂದವಳಿಗೆ ಹೆಸರು ಇಳಿಯುವುದಿಲ್ಲ ಅಂತ ಗೊತ್ತಿದ್ದೂ ತೂತಿನ ಹತ್ತಿರ ಬಾಯಿಟ್ಟು ಅವಳಿಗೊಂದು ಹೆಸರು ಹೇಳಿ ಉಸಿರು ಬಿಟ್ಟೆ. ಯಾವ ಹೆಸರು ಅಂತ ದಯವಿಟ್ಟು ಕೇಳಬೇಡಿ, ಕೇಳಿದರೆ ನಾನು ಹೇಳಲೇಬೇಕಾಗುತ್ತದೆ.

ಹೊರಡುವಾಗ ಅವಳು ಹಲಗೆ ತೆಗೆದುಕೊಂಡಳು. ಅದರಲ್ಲಿ ಏನು ಬರೆಯುತ್ತಾಳೋ ಇವತ್ತಿಗೂ ನನಗೆ ಗೊತ್ತಿಲ್ಲ. ಆ ಹಲಗೆಯ ಮೇಲಿನ ಅನುಮಾನ ಪೂರ್ತಿ ಹೋಗಿದೆ ಅಂದರೆ ಸುಳ್ಳಾದೀತು.

ಮಾರನೆಯ ಬೆಳಿಗ್ಗೆ ಅಂಗಳ ಸಾರಿಸಿ ಮಣೆ ಹಾಕಿದೆ. ಮಗಳು ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಗಂಡ ಬೆಲ್ಲದ ಬಟ್ಟಲು ಹಿಡಿದು ನಿಂತ. ಕೂಸು ನನ್ನನ್ನೇ ನೋಡಿತು. ಇಷ್ಟು ಹತ್ತಿರದಿಂದ ಅದು ನನ್ನ ಮುಖ ನೋಡಿದ್ದು ಅದೇ ಮೊದಲು. ವಸಡಿನಲ್ಲಿ ಅಕ್ಕಿನುಚ್ಚಿನಷ್ಟು ಬಿಳುಪು, ಇನ್ನೂ ಒಡೆದಿರಲಿಲ್ಲ.

ಹಾಲೆ ಹಿಡಿದೆ. ಬಿಸಿಯಾಗಿತ್ತು, ಮೆತ್ತಗಿತ್ತು. ಸೂಜಿ ಎತ್ತಿದೆ.

“ಅಮ್ಮ,” ಅಂದಳು ಮಗಳು. “ಏನೂ ಆಗಲ್ಲ ತಾನೆ?”

ಬಲಗೈಯಲ್ಲಿ ಸೂಜಿ. ಪಕ್ಕದಲ್ಲೇ ಗಂಡನ ನೂಲಿನ ಉಂಡೆ. ಮಗಳು ಒಂದು ಕೈಯಲ್ಲಿ ಕೂಸನ್ನು ಹಿಡಿದು ಇನ್ನೊಂದು ಕೈ ನನ್ನ ಕಡೆ ಚಾಚಿದ್ದಳು. ಇಷ್ಟು ತಿಂಗಳು ನಾನು ಚಾಚುತ್ತಿದ್ದ ಹಾಗೇ. ಏನೂ ಆಗಲ್ಲ ಅಂದು ಒಂದು ಗಂಟು ಹಾಕಿದ್ದರೆ ಮುಗಿಯುತ್ತಿತ್ತು. ಅವಳಿಗೂ ಸಂಜೆವರೆಗೆ ನೆಮ್ಮದಿ, ನನಗೂ.

“ಗೊತ್ತಿಲ್ಲ ಮಗಳೇ,” ಅಂದೆ. “ಗಟ್ಟಿಯಾಗಿ ಹಿಡ್ಕೋ.”

ನಮ್ಮೂರಿನ ಅಂಗಳದಲ್ಲಿ ಅಂಥ ಉತ್ತರವನ್ನು ಯಾರೂ ಕೊಟ್ಟಿರಲಿಲ್ಲ. ಗಂಡನ ಬಟ್ಟಲಿನಿಂದ ಬೆಲ್ಲ ಚೆಲ್ಲಿತು. ಮಗಳು ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲಿ ಅನುಮಾನ ಬಂದದ್ದು ನನಗೆ ಕಂಡಿತು. ಅನುಮಾನದ ಮುಖ ನನಗೆ ಗೊತ್ತಿರುವಷ್ಟು ಇನ್ಯಾರಿಗೆ ಗೊತ್ತು? ಕೂಸನ್ನು ಎತ್ತಿಕೊಂಡು ಒಳಗೆ ಹೋಗುತ್ತಾಳೆ ಅಂದುಕೊಂಡೆ. ಹೋದರೆ ತಪ್ಪು ಅವಳದ್ದಲ್ಲ.

ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಆ ಕೈಯನ್ನೂ ಕೂಸಿನ ಸುತ್ತ ಬಳಸಿ, ಅದರ ತಲೆಯನ್ನು ತನ್ನ ಎದೆಗೆ ಒತ್ತಿ, ಕಿವಿಯನ್ನು ನನ್ನ ಕಡೆ ತಿರುಗಿಸಿದಳು.

ಉಸಿರು ಹಿಡಿದು ಚುಚ್ಚಿದೆ. ಕೂಸು ಊರಿಗೆಲ್ಲ ಕೇಳುವಂತೆ ಕಿರುಚಿತು. ಇನ್ನೊಂದು ಕಿವಿಗೂ ಚುಚ್ಚಿದೆ. ಚಿತ್ರ ಬಂತಾ ಅಂತ ಕೇಳಿದರೆ ಬಂತು, ಎರಡು ಸಲವೂ ಬಂತು. ಬಾಯಿಟ್ಟು ಹೆಸರು ಹೇಳಿದೆ. ಹೆಸರು ಕೇಳಿ ಅದು ಒಂದು ಗಳಿಗೆ ಅಳು ನಿಲ್ಲಿಸಿತು, ಆಮೇಲೆ ಮತ್ತೆ ಶುರು ಮಾಡಿ ಎರಡೂ ಕೈ ನನ್ನ ಕಡೆ ಚಾಚಿತು. ನೋಯಿಸಿದವಳ ಕಡೆಗೇ. ಮಗಳ ತೊಡೆಯಿಂದ ಎತ್ತಿ ಹೆಗಲಿಗೆ ಹಾಕಿಕೊಂಡೆ, ನೆತ್ತಿಗೆ ಮೂಗಿಟ್ಟೆ, ಅಂಗಳದ ತುಂಬ ಓಡಾಡಿದೆ. ನನ್ನ ಬಂಗಾರ, ಆಯ್ತು ಆಯ್ತು ಅಂತ ಏನೇನೋ ಹೇಳಿದೆ. ಅದು ಬಿಕ್ಕಿ ಬಿಕ್ಕಿ ನನ್ನ ಕತ್ತಿನ ಹತ್ತಿರವೇ ನಿದ್ದೆ ಹೋಯಿತು.

ಅದನ್ನು ತೊಟ್ಟಿಲಲ್ಲಿ ಮಲಗಿಸಿದ ಮೇಲೆ ನೋಡಿಕೊಂಡೆ. ಸೂಜಿ ಇನ್ನೂ ನನ್ನ ಬಲಗೈಯಲ್ಲೇ ಇತ್ತು.